ಟಿಎಸ್‌ಎಚ್ 4.6: ಒಂದು ಲ್ಯಾಬ್‌ನಲ್ಲಿ ಜಾಸ್ತಿ, ಇನ್ನೊಂದರಲ್ಲಿ ನಾರ್ಮಲ್. ಯಾವುದನ್ನು ನಂಬಲಿ?

ಪ್ರಶ್ನೆ: ನನಗೆ 46 ವರ್ಷ. ನಮ್ಮೂರ ಲ್ಯಾಬ್‌ನಲ್ಲಿ ಟಿಎಸ್‌ಎಚ್ 4.6 ಬಂತು, ಪಕ್ಕದಲ್ಲಿ ದಪ್ಪಕ್ಷರದ ‘ಎಚ್’. ವಾರ ಬಿಟ್ಟು ಮಗಳು ಬೆಂಗಳೂರಿನಲ್ಲಿ ಮಾಡಿಸಿದಳು. ಅಲ್ಲೂ 4.6, ಆದರೆ ನಾರ್ಮಲ್ ಅಂತ ಇದೆ! ಒಂದು ಕಡೆ ಮೇಲ್ಮಿತಿ 4.2, ಇನ್ನೊಂದು ಕಡೆ 4.94. ನನಗೆ ಥೈರಾಯ್ಡ್ ಇದೆಯೋ ಇಲ್ಲವೋ?

ಉತ್ತರ: ಥೈರಾಯ್ಡ್ ಎಲ್ಲರಿಗೂ ಇರುತ್ತದಮ್ಮಾ, ಗಂಟಲಿನ ಮುಂದಿರುವ ಗ್ರಂಥಿ ಅದು. ಟಿಎಸ್‌ಎಚ್ ಎಂದರೆ ‘ಕೆಲಸ ಮಾಡು’ ಎಂದು ಆ ಗ್ರಂಥಿಗೆ ಮಿದುಳಿನ ಬುಡದಿಂದ ಬರುವ ಹಾರ್ಮೋನು, ಗ್ರಂಥಿ ಸೋಮಾರಿಯಾದರೆ ಇದು ಏರುತ್ತದೆ. ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದು ನಿಮ್ಮ ಪ್ರಶ್ನೆ. ಅದಕ್ಕೆ ಮೊದಲು ಆ 4.2, 4.94 ಎಲ್ಲಿಂದ ಬಂದವು ನೋಡೋಣ.

ಕನಿಷ್ಠ 120 ಮಂದಿ ಆರೋಗ್ಯವಂತರ ರಕ್ತ ಪರೀಕ್ಷಿಸಿ, ಬಂದ ಅಂಕಿಗಳನ್ನು ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದಂತೆ ಗಿಡ್ಡದಿಂದ ಉದ್ದಕ್ಕೆ ಸಾಲು ನಿಲ್ಲಿಸುತ್ತಾರೆ. ಆಮೇಲೆ ಎರಡೂ ತುದಿಯಿಂದ ಶೇ. 2.5ರಷ್ಟನ್ನು, ಅಂದರೆ ಹೆಚ್ಚುಕಡಿಮೆ ಮೂರು ಮೂರು ಮಂದಿಯನ್ನು, ಬಿಟ್ಟು ಗೆರೆ ಎಳೆಯುತ್ತಾರೆ. ನಡುವೆ ಉಳಿದ ಶೇ. 95ರವರದ್ದೇ ‘ನಾರ್ಮಲ್’. ಹೊರಗುಳಿದ ಆರು ಮಂದಿಗೂ ಕಾಯಿಲೆಯೇನಿಲ್ಲ, ಲೆಕ್ಕದ ಪದ್ಧತಿಯೇ ಅವರನ್ನು ಆಚೆ ನಿಲ್ಲಿಸಿದ್ದು.

ಕಷ್ಟವಿರುವುದು ಸಾಲಿಗೆ ಯಾರನ್ನು ಸೇರಿಸಬೇಕು ಎಂಬುದರಲ್ಲಿ. ‘ನಾನು ಚೆನ್ನಾಗಿದ್ದೀನಿ’ ಅಂದವರನ್ನೆಲ್ಲ ಸೇರಿಸಿದರೆ, ತಮ್ಮ ದೇಹವೇ ಥೈರಾಯ್ಡನ್ನು ಸದ್ದಿಲ್ಲದೆ ತಿನ್ನುತ್ತಿರುವವರೂ ನುಸುಳುತ್ತಾರೆ. ಅವರ ಟಿಎಸ್‌ಎಚ್ ಮೇಲಿರುವುದರಿಂದ ಮೇಲ್ಮಿತಿಯೂ ಏರುತ್ತದೆ. ಆದ್ದರಿಂದ ಗಳಗಂಡ ಇರುವವರು, ಮನೆಯಲ್ಲಿ ಈ ಕಾಯಿಲೆ ಇರುವವರು, ರಕ್ತದಲ್ಲಿ ಆ್ಯಂಟಿ ಟಿಪಿಒ (ಥೈರಾಯ್ಡ್ ಮೇಲೆಯೇ ದಾಳಿ ಮಾಡುವ ಪ್ರತಿಕಾಯ) ಕಂಡವರು, ಇವರನ್ನೆಲ್ಲ ಬಿಡಬೇಕು. ಅಮೆರಿಕದಲ್ಲಿ 1988ರಿಂದ 1994ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪರೀಕ್ಷಿಸಿದ 17,353 ಮಂದಿಯಲ್ಲಿ ಹೀಗೆ ಜರಡಿ ಹಿಡಿದ ಮೇಲೆ ಉಳಿದವರು 13,344. ಅವರಿಂದ ಸಿಕ್ಕ ಮಿತಿ 0.45ರಿಂದ 4.12. ಅದೇ ಸಮೀಕ್ಷೆಯ 80 ದಾಟಿದವರನ್ನಷ್ಟೇ ಬೇರೆಯಾಗಿ ನೋಡಿದಾಗ ಮೇಲ್ಮಿತಿ 7.5ರ ಹತ್ತಿರ ಹೋಯಿತು! ಅಜ್ಜಿಯ 6ಕ್ಕೂ ಮೊಮ್ಮಗಳ 6ಕ್ಕೂ ಒಂದೇ ಅರ್ಥವಲ್ಲ. ಗರ್ಭಿಣಿಯರ ಲೆಕ್ಕವಂತೂ ಬೇರೆಯೇ.

ಜೊತೆಗೆ ಒಂದೊಂದು ಕಂಪನಿಯ ಕಿಟ್ ಒಂದೊಂದು ರೀತಿ ಅಳೆಯುತ್ತದೆ. ಎಷ್ಟೋ ಲ್ಯಾಬ್‌ಗಳು ಕಿಟ್ ಜೊತೆ ಬಂದ ಮಿತಿಯನ್ನೇ ರಿಪೋರ್ಟಿನಲ್ಲಿ ಅಚ್ಚು ಹಾಕುತ್ತವೆ. ನಮ್ಮೂರಿನವರದ್ದೇ ರಕ್ತದಿಂದ ಮಿತಿ ಕಟ್ಟುವುದು ಖರ್ಚಿನ ಬಾಬತ್ತು, ನಿಜ. ಆದರೂ ನನಗಿದು ಸರಿ ಕಾಣುವುದಿಲ್ಲ. ಥೈರಾಯ್ಡ್ ಗ್ರಂಥಿಯೇ ರಕ್ತಕ್ಕೆ ಬಿಡುವ ಹಾರ್ಮೋನಿನ ಪರೀಕ್ಷೆಯಾದ ಫ್ರೀ ಟಿ4ರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಮೇಲಾಗಿ ಕೆಲವರು ನ್ಯಾನೊಗ್ರಾಂನಲ್ಲಿ, ಕೆಲವರು ಪಿಕೊಮೋಲ್‌ನಲ್ಲಿ ಬರೆಯುತ್ತಾರೆ. 1.2 ಇದ್ದದ್ದು 15.4 ಆಯಿತೆಂದು ಗಾಬರಿ ಬೀಳಬೇಡಿ, ಎರಡೂ ಒಂದೇ.

ರಕ್ತ ಕೊಟ್ಟ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಕಿಟ್‌ಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ.

ನಿಮ್ಮ 4.6 ಗೆರೆಯ ಅಂಚಿನಲ್ಲಿದೆ, ಅಷ್ಟೇ. ಎರಡು ಮೂರು ತಿಂಗಳು ಬಿಟ್ಟು, ಈ ಎರಡರಲ್ಲಿ ಒಂದು ಲ್ಯಾಬ್‌ನಲ್ಲೇ, ಅಲ್ಲಿ ಹಿಂದೆ ರಕ್ತ ಕೊಟ್ಟ ಹೊತ್ತಿಗೇ ಮತ್ತೊಮ್ಮೆ ಮಾಡಿಸಿ. ಜೊತೆಗೆ ಫ್ರೀ ಟಿ4, ಆ್ಯಂಟಿ ಟಿಪಿಒ ಕೂಡ ಇರಲಿ. ವೈದ್ಯರ ಬಳಿ ಹೋಗುವಾಗ ಹಳೇ ರಿಪೋರ್ಟುಗಳಿದ್ದರೆ ಹುಡುಕಿ ಒಯ್ಯಿರಿ. ಡೆನ್ಮಾರ್ಕ್‌ನಲ್ಲಿ 16 ಆರೋಗ್ಯವಂತ ಗಂಡಸರನ್ನು ಒಂದು ವರ್ಷ ತಿಂಗಳು ತಿಂಗಳೂ ಪರೀಕ್ಷಿಸಿದಾಗ, ಒಬ್ಬೊಬ್ಬರ ಏರಿಳಿತ ಎಲ್ಲರನ್ನೂ ಸೇರಿಸಿ ಎಳೆದ ಮಿತಿಯ ಸುಮಾರು ಅರ್ಧದಷ್ಟೇ ಇತ್ತು. ಐದು ವರ್ಷದ ಹಿಂದೆಯೂ ನಿಮ್ಮದು 4.4 ಇದ್ದಿದ್ದರೆ ಅದೊಂದು ಕಥೆ, 1.3 ಇದ್ದಿದ್ದರೆ ಇನ್ನೊಂದು.