ಬಿಆರ್‌ಎಸ್‌ಆರ್‌ನ 7ನೇ ತತ್ವ: ಹವಾಮಾನ ನೀತಿಯ ಲಾಬಿಯನ್ನು ಎಲ್ಲಿ ಹುಡುಕಬೇಕು

ಅಮೆರಿಕದಲ್ಲಿ 1995ರ ಕಾಯ್ದೆಯಂತೆ ಲಾಬಿಗಾರರು ನೋಂದಣಿ ಮಾಡಿಸಿಕೊಂಡು ಖರ್ಚಿನ ಲೆಕ್ಕ ಕೊಡಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ. ಕೈಗೆ ಸಿಗುವ ಮೊದಲ ದಾಖಲೆ, ಷೇರುಪೇಟೆ ನಿಯಂತ್ರಕ ಸೆಬಿ ಕಂಪನಿಗಳಿಂದ ಕೇಳುವ ಬಿಆರ್‌ಎಸ್‌ಆರ್, ಅಂದರೆ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಇದು 2022-23ರಿಂದ ಕಡ್ಡಾಯ. ಅದರ 9 ತತ್ವಗಳಲ್ಲಿ ನಮಗೆ ಬೇಕಾದದ್ದು 7ನೆಯದು: ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವಾಗ ಕಂಪನಿ ಹೊಣೆಯಿಂದ, ಪಾರದರ್ಶಕವಾಗಿ ನಡೆದುಕೊಳ್ಳಬೇಕು ಎಂಬುದು.

ಎಲ್ಲರೂ ಎಡವುವುದು ಅಲ್ಲಿನ ಸಂಘಗಳ ಪಟ್ಟಿಯಲ್ಲಿ. ಕಂಪನಿ ತಾನು ಸದಸ್ಯನಾಗಿರುವ 10 ಪ್ರಮುಖ ವಾಣಿಜ್ಯ ಸಂಘಗಳ ಹೆಸರು ಕೊಡಬೇಕು. ‘ಪ್ರಮುಖ’ ಎಂದರೆ ಕಂಪನಿ ಹೆಚ್ಚು ಹಣ ಕೊಟ್ಟ ಸಂಘ ಅಂತಲ್ಲ. ಸಂಘದ ಒಟ್ಟು ಸದಸ್ಯರ ಸಂಖ್ಯೆಯೇ ಅಳತೆ. ಹಾಗಾಗಿ ಸಾವಿರಾರು ಸದಸ್ಯರಿರುವ ಚೇಂಬರ್ ಮೇಲಿರುತ್ತದೆ. ಇಪ್ಪತ್ತೇ ಸದಸ್ಯರಿದ್ದು, ಒಂದೇ ಉದ್ಯಮದ ಪರವಾಗಿ ಇಂಧನ ನಿಯಮಗಳ ಬೆನ್ನು ಹತ್ತಿದ ಸಂಘ ಪಟ್ಟಿಯಿಂದಲೇ ಜಾರಿಬಿಡಬಹುದು. ಪಟ್ಟಿಯ ಮೇಲೆ ಒಟ್ಟು ಸದಸ್ಯತ್ವಗಳ ಸಂಖ್ಯೆಯನ್ನೂ ಬರೆದಿರುತ್ತಾರೆ, ಅದನ್ನು ಮೊದಲು ನೋಡಿ. 23 ಎಂದಿದ್ದರೆ 13 ಹೆಸರು ನಿಮಗೆ ಕಾಣುತ್ತಿಲ್ಲ. ಸದಸ್ಯತ್ವ ಶುಲ್ಕದ ಕಾಲಂ ಇಲ್ಲವೇ ಇಲ್ಲ. ಈ ನಮೂನೆಯ ದೊಡ್ಡ ಕೊರತೆ ಇದೇ.

ಕಂಪನಿ ಯಾವ ನೀತಿಯ ಪರ ವಾದಿಸಿತು, ಹೇಗೆ, ಮಾಹಿತಿ ಸಾರ್ವಜನಿಕವಾಗಿದೆಯೇ, ಆಡಳಿತ ಮಂಡಳಿ ಎಷ್ಟು ಸಲ ಪರಿಶೀಲಿಸುತ್ತದೆ, ವೆಬ್ ಲಿಂಕ್ ಏನು ಎಂಬುದೆಲ್ಲ ಅದೇ ತತ್ವದ ‘ಲೀಡರ್‌ಶಿಪ್ ಇಂಡಿಕೇಟರ್’ ಎಂಬ ಭಾಗದಲ್ಲಿದೆ. ಅದು ಐಚ್ಛಿಕ. ಖಾಲಿ ಬಿಟ್ಟಿದ್ದರೆ ಲಾಬಿಯೇ ನಡೆದಿಲ್ಲ ಎಂದು ಬರೆದುಕೊಳ್ಳಬೇಡಿ. ‘ಹೇಳಿಲ್ಲ’ ಎಂದಷ್ಟೇ ಬರೆಯಿರಿ.

ಮುಂದಿನ ಹೆಜ್ಜೆ, ಕಂಪನಿಯ ಮಾತನ್ನು ಸಂಘದ ಮಾತಿನ ಪಕ್ಕದಲ್ಲಿಡುವುದು. ಬೆಂಗಳೂರಿನವರಿಗೆ ಇದಕ್ಕೆ ಒಳ್ಳೆಯ ಆಕರ ಕೆಇಆರ್‌ಸಿಯ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ವಿದ್ಯುತ್ ದರ ಆದೇಶಗಳು. 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಸಾರ್ವಜನಿಕರ ಆಕ್ಷೇಪಣೆ ಪರಿಗಣಿಸದೆ ದರ ನಿಗದಿ ಮಾಡುವಂತಿಲ್ಲ. ಕೈಗಾರಿಕಾ ಸಂಘಗಳ ಆಕ್ಷೇಪಣೆ, ಬೆಸ್ಕಾಂ ಉತ್ತರ, ಆಯೋಗದ ನಿಲುವು ಮೂರೂ ಆದೇಶದಲ್ಲೇ ಸಿಗುತ್ತವೆ. ವೀಲಿಂಗ್ ಶುಲ್ಕ (ಬೇರೆಡೆಯಿಂದ ವಿದ್ಯುತ್ ತರಲು ತಂತಿ ಬಳಸಿದ್ದಕ್ಕೆ ಕೊಡುವ ಹಣ), ಬ್ಯಾಂಕಿಂಗ್ (ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟು ಆಮೇಲೆ ಪಡೆಯುವುದು), ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಬೆಸ್ಕಾಂ ಬಿಟ್ಟು ಬೇರೆಯವರಿಂದ ವಿದ್ಯುತ್ ಕೊಳ್ಳುವವರು ಕೊಡುವ ಹೆಚ್ಚುವರಿ ಶುಲ್ಕ) ಎಂಬ ಪದಗಳನ್ನು ಹುಡುಕಿ. ಒಂದು ಎಚ್ಚರ: ಸರ್‌ಚಾರ್ಜ್ ಇಳಿಸಿ ಎಂಬ ಬೇಡಿಕೆ ಹವಾಮಾನ ವಿರೋಧಿ ಅಲ್ಲ. ಸೌರ ವಿದ್ಯುತ್ ಕೊಳ್ಳುವ ಕಾರ್ಖಾನೆಗೆ ಅದರಿಂದ ಅನುಕೂಲ, ಹೊರೆ ಮಾತ್ರ ಉಳಿದ ಗ್ರಾಹಕರ ಮೇಲೆ ಬೀಳಬಹುದು. ಅಂಥವನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಿ.

ಕೇಂದ್ರ ಸಚಿವಾಲಯದ ಕರಡು ನಿಯಮಗಳಿಗೆ ಬಂದ ಪತ್ರಗಳು ಬೇಕಿದ್ದರೆ ಆರ್‌ಟಿಐ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅಭಿಪ್ರಾಯ ಕೊಟ್ಟವರ ಹೆಸರಿನ ಪಟ್ಟಿಯನ್ನು ಒಂದನೇ ಅಂಶವಾಗಿ, ಪತ್ರಗಳ ಪ್ರತಿಯನ್ನು ಎರಡನೇ ಅಂಶವಾಗಿ ಕೇಳಿ. ವಾಣಿಜ್ಯ ಗೋಪ್ಯತೆ ಎಂದು ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಡಿ) ತೋರಿಸಿ ಪತ್ರ ತಡೆಹಿಡಿದರೂ ಪಟ್ಟಿ ನಿಲ್ಲಿಸಲು ಅದೇ ಕಾರಣ ಸಾಲುವುದಿಲ್ಲ. ಪತ್ರದಲ್ಲೂ ಗೋಪ್ಯ ಭಾಗವನ್ನಷ್ಟೇ ಮುಚ್ಚಿ ಉಳಿದದ್ದನ್ನು ಕೊಡಬೇಕೆಂದು ಅದೇ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಮೇಲ್ಮನವಿಯಲ್ಲಿ ಅದನ್ನು ತಪ್ಪದೆ ಉಲ್ಲೇಖಿಸಿ.