ಗುಟ್ಟು ಹೇಳಿದ ಮೇಲೆ ಬಾಗಿಲು ಹಾಕಿದರೆ?

ಬೀಗ ಕೊಂಡು ತಂದದ್ದೇ ಭದ್ರತೆ ಎಂದುಕೊಳ್ಳುವವರು ಡೈರೆಕ್ಟರಿ ಸರ್ವರ್ (ಸಂಸ್ಥೆಯೊಂದರ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳ ಕಣಜ) ನಡೆಸುವವರಲ್ಲಿ ಬಹಳ ಮಂದಿ. ಸರ್ವರ್‌ನ ಗುರುತು ಸಾರುವ ಪ್ರಮಾಣಪತ್ರ ಹಾಕಿಯಾಯಿತು, ಸಂಪರ್ಕವನ್ನು ಗೂಢಲಿಪಿಯಲ್ಲಿ ಮುಚ್ಚುವ ಟಿಎಲ್‌ಎಸ್ ಬಂತು, ಇನ್ನು ಪಾಸ್‌ವರ್ಡ್ ಸೋರುವುದಿಲ್ಲ ಎಂದು ನಿಶ್ಚಿಂತರಾಗಿಬಿಡುತ್ತಾರೆ. ಟಿಎಲ್‌ಎಸ್ ಇದ್ದರೂ ಸೋರುತ್ತದೆ, ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಹಿಂದುಮುಂದಾದರೆ.

ಡೈರೆಕ್ಟರಿಯೊಡನೆ ಮಾತಾಡುವ ಭಾಷೆ ಎಲ್‌ಡ್ಯಾಪ್. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗಲು ಅದರಲ್ಲಿರುವ ‘ಸಿಂಪಲ್ ಬೈಂಡ್’ ಎಂಬ ಕೋರಿಕೆ ಹೆಸರಿಗೆ ತಕ್ಕಂತೆ ತೀರಾ ಸರಳ. ಎಲ್‌ಡ್ಯಾಪ್‌ನ ಮಾಮೂಲಿ ಬಾಗಿಲಾದ 389ನೇ ಪೋರ್ಟಿನಲ್ಲಿ ಟಿಎಲ್‌ಎಸ್ ಇಲ್ಲದೆ ಹಾದುಹೋದ ಒಂದು ಪ್ಯಾಕೆಟ್ಟನ್ನು, ಜಾಲದ ಸಂಚಾರ ತೋರಿಸುವ ವೈರ್‌ಶಾರ್ಕ್‌ನಲ್ಲಿ ಬಿಡಿಸಿ ನೋಡಿ. ಆವೃತ್ತಿಯ ಅಂಕಿ 3, ಅದರ ಬೆನ್ನಿಗೆ ಬಳಕೆದಾರನ ಡಿಎನ್ (ಡೈರೆಕ್ಟರಿಯಲ್ಲಿ ಅವನ ಪೂರ್ತಿ ಹೆಸರು), ನಂತರ ಮುಂದಿರುವುದು ಪಾಸ್‌ವರ್ಡ್ ಎಂದು ಸಾರುವ, ಹೆಕ್ಸ್‌ನಲ್ಲಿ 80 ಎಂಬ ಒಂದು ಬೈಟ್. ಪಾಸ್‌ವರ್ಡ್ ಎಂಟಕ್ಷರದ್ದಾದರೆ ಮುಂದೆ ಅದರ ಉದ್ದ 08, ಅದಾದ ಮೇಲೆ ಆ ಎಂಟೂ ಅಕ್ಷರಗಳು ಇದ್ದ ಹಾಗೇ. ಸರ್ವರ್‌ನ ಒಳಗೆ ಆರ್ಗಾನ್2ನಲ್ಲಿ ಹ್ಯಾಷ್ ಮಾಡಿ (ಮೂಲರೂಪಕ್ಕೆ ಮರಳಿಸಲಾಗದಂತೆ ಕಲಸಿ) ಇಟ್ಟಿದ್ದೇವೆ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಅದು ತಿಜೋರಿಯ ಮಾತು, ಇದು ದಾರಿಯ ಮಾತು.

ಇದನ್ನು ತಡೆಯಲು ಓಪನ್‌ಎಲ್‌ಡ್ಯಾಪ್ ಎಂಬ ಸರ್ವರ್ ತಂತ್ರಾಂಶದ ಸಂರಚನೆಯಲ್ಲಿ, ‘ಓಎಲ್‌ಸಿ ಸೆಕ್ಯೂರಿಟಿ’ ಸಾಲಿನಲ್ಲಿ ‘ಸಿಂಪಲ್_ಬೈಂಡ್=128’ ಎಂದು ಬರೆಯುತ್ತಾರೆ; ಸಿಂಪಲ್ ಬೈಂಡ್‌ಗೆ ಗೂಢಲಿಪಿಯ ಬಲ 128 ಆದರೂ ಇರಬೇಕು ಎಂದರ್ಥ. ಟಿಎಲ್‌ಎಸ್ ಇಲ್ಲದೆ ಬಂದವರಿಗೆ ಸರ್ವರ್ 13ನೇ ದೋಷಸಂಖ್ಯೆ ಕೊಟ್ಟು ‘ಆಗದು’ ಎನ್ನುತ್ತದೆ. ಬರೆಯಬೇಕಾದದ್ದೇ. ಆದರೆ ಈ ‘ಆಗದು’ ಬರುವುದು ಬೈಂಡ್ ಕೋರಿಕೆ ತಲುಪಿದ ಮೇಲೆ. ಅಷ್ಟು ಹೊತ್ತಿಗೆ ಪಾಸ್‌ವರ್ಡ್ ಜಾಲದುದ್ದಕ್ಕೂ ಬೆತ್ತಲೆಯಾಗಿ ನಡೆದುಬಂದಿರುತ್ತದೆ. ತುಂಬಿದ ಕೋಣೆಯಲ್ಲಿ ಗುಟ್ಟನ್ನು ಕೂಗಿದವನಿಗೆ ‘ಇಲ್ಲಿ ಕೂಗಬಾರದು’ ಎಂದಂತೆ. ಅಂಚೆ ಕಾರ್ಡನ್ನು ‘ಲಕೋಟೆಯಲ್ಲಿ ಕಳಿಸಿ’ ಎಂದು ಹಿಂದಿರುಗಿಸಿದಂತೆ; ಕಾರ್ಡು ವಾಪಸಾಯಿತು, ದಾರಿಯಲ್ಲಿ ಓದಿದವರು ಓದಿಯಾಯಿತು.

(ಅದೇ ಸಾಲಿನಲ್ಲಿ ‘ಎಸ್‌ಎಸ್‌ಎಫ್=128’ ಎಂದು, ಅಂದರೆ ಎಲ್ಲ ಕೋರಿಕೆಗೂ ಅಷ್ಟು ಬಲ ಬೇಕೆಂದು, ಬರೆದರೆ ಬೇರೆಯೇ ಫಜೀತಿ. ಸರ್ವರ್ ಇರುವ ಯಂತ್ರದೊಳಗಿಂದಷ್ಟೇ ಮಾತಾಡುವ ‘ಎಲ್‌ಡ್ಯಾಪ್‌ಐ’ ಸಾಕೆಟ್ಟಿಗೆ ಸಿಗುವ ಬಲ, ನಾವು ಬದಲಿಸದಿದ್ದರೆ, 71 ಮಾತ್ರ. ತಪ್ಪನ್ನು ತಿದ್ದಲು ಹೋಗಬೇಕಾದ ಬಾಗಿಲೇ ಮುಚ್ಚಿಹೋಗುತ್ತದೆ.)

ಸ್ಟಾರ್ಟ್‌ಟಿಎಲ್‌ಎಸ್‌ನ ತೊಡಕೂ ಇದೇ. 389ರಲ್ಲಿ ಬರಿಗಂಟಲಲ್ಲಿ ಮಾತು ಶುರು, ನಡುವೆ ‘ಇನ್ನು ಗೂಢಲಿಪಿಗೆ ಹೋಗೋಣ’ ಎಂಬ ಕೋರಿಕೆ. ಕೇಳಬೇಕಾದದ್ದು ಕ್ಲೈಂಟ್. ಸರ್ವರ್ ನಮ್ಮನ್ನು ಯಾರೆಂದು ಎಣಿಸಿದೆ ಎಂದು ಕೇಳುವ ‘ಎಲ್‌ಡ್ಯಾಪ್ ಹೂ ಆಮ್ ಐ’ ಆದೇಶಕ್ಕೆ ಒಂದು ಜೆಡ್ (-Z) ಕೊಟ್ಟರೆ, ಟಿಎಲ್‌ಎಸ್ ಆಗದಿದ್ದರೂ ಅದು ಮುಂದುವರಿಯುತ್ತದೆ. ಎರಡು ಜೆಡ್ (-ZZ) ಕೊಟ್ಟರಷ್ಟೇ ಅಲ್ಲಿಗೇ ನಿಲ್ಲುತ್ತದೆ. ಒಂದಕ್ಷರದ ವ್ಯತ್ಯಾಸ! ನನ್ನ ಮತ ‘ಎಲ್‌ಡ್ಯಾಪ್‌ಎಸ್’ನ ಪೋರ್ಟಾದ 636ರ ಕಡೆಗೆ: ಅಲ್ಲಿ ಟಿಎಲ್‌ಎಸ್ ಆಗದ ಹೊರತು ಎಲ್‌ಡ್ಯಾಪ್ ಬಾಯಿ ಬಿಡುವಂತಿಲ್ಲ. ಸರ್ವರ್ ಕಿವಿಗೊಡುವ ವಿಳಾಸಗಳಲ್ಲಿ ‘ಎಲ್‌ಡ್ಯಾಪ್‌ಎಸ್’ ಮತ್ತು ‘ಎಲ್‌ಡ್ಯಾಪ್‌ಐ’ ಎರಡನ್ನೇ ಉಳಿಸಿ. 389ರಲ್ಲಿ ಕೇಳುವವರೇ ಇಲ್ಲದಿದ್ದರೆ ಪಾಸ್‌ವರ್ಡ್ ಹೊರಡುವ ಮೊದಲೇ ಸಂಪರ್ಕ ಮುರಿಯುತ್ತದೆ.

ಪ್ರಮಾಣಪತ್ರ ಹಾಕುವಾಗ ಕೀಲಿಕಡತವನ್ನೂ ಪತ್ರವನ್ನೂ ಒಂದೇ ಬದಲಾವಣೆಯಲ್ಲಿ ಸೇರಿಸಿ. ‘80’ ಎಂಬ ಅರ್ಥವಿಲ್ಲದ ದೋಷ ಬಂದರೆ ಮೊದಲು ನೋಡಬೇಕಾದದ್ದು, ಸರ್ವರ್ ಓಡುತ್ತಿರುವ ಬಳಕೆದಾರನಿಗೆ ಕೀಲಿಯನ್ನು ಓದುವ ಅನುಮತಿ ಇದೆಯೇ ಎಂದು. ಉಬುಂಟುವಿನಲ್ಲಾದರೆ, ತಂತ್ರಾಂಶ ಯಾವ ಕಡತ ಮುಟ್ಟಬಹುದೆಂದು ಮಿತಿ ಹಾಕುವ ಆಪ್‌ಆರ್ಮರ್ ಕೂಡ ಅಡ್ಡ ನಿಂತಿರಬಹುದು. ಕ್ಲೈಂಟ್ ಬಳಸುವ ಹೆಸರು ಪತ್ರದ ಪರ್ಯಾಯ ಹೆಸರುಗಳ ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಸಂಪರ್ಕ ಸೋಲುತ್ತದೆ, ಯಾರೋ ಬೇಸತ್ತು ಕ್ಲೈಂಟಿನಲ್ಲಿ ‘ಟಿಎಲ್‌ಎಸ್_ರೆಕ್‌ಸರ್ಟ್ ನೆವರ್’, ಅಂದರೆ ಪ್ರಮಾಣಪತ್ರವನ್ನು ಪರೀಕ್ಷಿಸಲೇಬೇಡ, ಎಂದು ಬರೆದುಬಿಡುತ್ತಾರೆ. ಆಮೇಲೆ ಗುಟ್ಟು ಲಕೋಟೆಯಲ್ಲೇ ಹೋಗುತ್ತದೆ. ಯಾರ ಕೈಗೆ ಎಂದು ಮಾತ್ರ ಕೇಳುವಂತಿಲ್ಲ. ವಿಚಿತ್ರವೆಂದರೆ, ಇಂದು ವೆಬ್ಬನ್ನೆಲ್ಲ ಕಾಯುವ ಎಕ್ಸ್.509 ಪ್ರಮಾಣಪತ್ರ 1988ರಲ್ಲಿ ಹುಟ್ಟಿದ್ದೇ ಎಕ್ಸ್.500 ಎಂಬ ಡೈರೆಕ್ಟರಿ ಮಾನದಂಡದ ಅಂಗವಾಗಿ. ಎಲ್‌ಡ್ಯಾಪ್ ಆ ಡೈರೆಕ್ಟರಿಯನ್ನು ಹಗುರವಾಗಿ ತಲುಪಲು ಆಮೇಲೆ ಬಂದದ್ದು. ಅಂದರೆ ಪ್ರಮಾಣಪತ್ರವನ್ನು ನಂಬದ ಡೈರೆಕ್ಟರಿ ಕ್ಲೈಂಟ್ ತನ್ನ ಮನೆಯವರನ್ನೇ ಗುರುತಿಸದು.

ಇಷ್ಟೆಲ್ಲ ಸರಿಯಿದ್ದರೂ ಒಂದು ಕಳ್ಳಗಂಡಿ ಉಳಿಯುತ್ತದೆ. ಡಿಎನ್ ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟರೆ, ಎಲ್‌ಡ್ಯಾಪ್ ನಿಯಮದ ಪ್ರಕಾರ ಅದು ‘ದೃಢೀಕರಿಸದ ಬೈಂಡ್’. ಅದನ್ನು ಅನುಮತಿಸುವ ಸರ್ವರ್ ‘ಯಶಸ್ವಿ’ ಎಂದು ಉತ್ತರಿಸುತ್ತದೆ, ಆದರೆ ಬಂದವನನ್ನು ಅನಾಮಿಕನಾಗಿ ಎಣಿಸುತ್ತದೆ. ಆ ‘ಯಶಸ್ವಿ’ಯನ್ನಷ್ಟೇ ನೋಡುವ ಆ್ಯಪ್ ಯಾರನ್ನು ಬೇಕಾದರೂ ಯಾರ ಹೆಸರಲ್ಲಾದರೂ ಒಳಗೆ ಬಿಡುತ್ತದೆ. ಓಪನ್‌ಎಲ್‌ಡ್ಯಾಪ್ ಇದನ್ನು ತಾನಾಗಿಯೇ ನಿರಾಕರಿಸುತ್ತದೆ. ಆ್ಯಪ್ ನಿಮ್ಮದಾದರೆ, ಪಾಸ್‌ವರ್ಡ್ ಖಾಲಿಯಿದ್ದಾಗ ಬೈಂಡ್ ಕಳಿಸಲೇಬೇಡಿ.