ಎಷ್ಟು ಮೈಕ್ರಾನ್ ಹಾಕಿಸಿದರೆ ಗೇಟಿಗೆ ತುಕ್ಕು ಹಿಡಿಯುವುದಿಲ್ಲ?

ಪ್ರಶ್ನೆ: ನಮ್ಮ ಮನೆ ಕುಂದಾಪುರದಲ್ಲಿ, ಸಮುದ್ರಕ್ಕೆ ತೀರಾ ಹತ್ತಿರ. ಎರಡು ವರ್ಷದ ಹಿಂದೆ ಗೇಟಿಗೆ ಪೌಡರ್ ಕೋಟಿಂಗ್ ಮಾಡಿಸಿದೆವು. ಈಗ ಮೂಲೆಗಳಲ್ಲಿ ಗುಳ್ಳೆ ಎದ್ದು ಬಣ್ಣ ಸಿಪ್ಪೆಯಂತೆ ಬಿಡುತ್ತಿದೆ, ಕೆಳಗೆಲ್ಲ ತುಕ್ಕು. ಈ ಸಲ ಹಳೆಯದನ್ನು ತೆಗೆಸಿ ದಪ್ಪವಾಗಿ, 150 ಮೈಕ್ರಾನ್ ಹಾಕಿಸಿದರೆ ಸರಿಹೋದೀತೇ?

ಉತ್ತರ: ಸರಿಹೋಗುವುದಿಲ್ಲ. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಒಮ್ಮೆ ಗೇಟು, ಒಮ್ಮೆ ಬಾಲ್ಕನಿಯ ರೇಲಿಂಗು, ಒಮ್ಮೆ ಸೋಲಾರ್ ಹೀಟರಿನ ಸ್ಟ್ಯಾಂಡು. ವಸ್ತು ಬೇರೆಯಾದರೂ ಪತ್ರದ ಕೊನೆಯ ಸಾಲು ಒಂದೇ: ‘ಇನ್ನಷ್ಟು ದಪ್ಪ ಹಾಕಿಸಲೇ?’ ಹಾಗಾಗಿ ಇವತ್ತು ಈ ದಪ್ಪದ ನಂಬಿಕೆಯನ್ನು ಬೇರುಸಹಿತ ಕೀಳುವುದೇ ನನ್ನ ಕೆಲಸ.

ಪೌಡರ್ ಕೋಟಿಂಗ್ ಹೇಗೆ ಮಾಡುತ್ತಾರೆಂಬುದು ನಿಮಗೆ ಗೊತ್ತಿರುತ್ತದೆ. ಒಣ ಪುಡಿಗೆ ಗನ್ನಿನ ತುದಿಯಲ್ಲಿ ವಿದ್ಯುದಾವೇಶ ಕೊಡುತ್ತಾರೆ, ಅರ್ತ್ ಮಾಡಿದ ಕಬ್ಬಿಣಕ್ಕೆ ಅದು ಅಂಟಿಕೊಳ್ಳುತ್ತದೆ, 180ರಿಂದ 200 ಡಿಗ್ರಿಯ ಓವನ್ನಿನಲ್ಲಿ ಕರಗಿ ಹರಡಿ ಗಟ್ಟಿಯಾದ ಪೊರೆಯಾಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸಾಮಾನ್ಯವಾಗಿ ಆ ಪೊರೆಯ ದಪ್ಪ 60ರಿಂದ 80 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಇಷ್ಟು ತೆಳು ಪೊರೆ ಕರಾವಳಿಯ ಮಳೆಯನ್ನು ತಡೆದೀತೇ ಎಂಬ ಅನುಮಾನ ಸಹಜ. ದಪ್ಪದ ನಂಬಿಕೆ ಹುಟ್ಟುವುದೇ ಇಲ್ಲಿ.

ಈ ನಂಬಿಕೆಯ ಒಳಗೆ ಒಂದು ಚಿತ್ರವಿದೆ: ಪೊರೆಯೆಂದರೆ ಗೋಡೆ, ಆಚೆಗೆ ನೀರು, ಈಚೆಗೆ ಕಬ್ಬಿಣ, ಗೋಡೆ ದಪ್ಪವಾದಷ್ಟೂ ನೀರು ದೂರ. ಚಿತ್ರವೇ ತಪ್ಪು. ಪಾಲಿಯೆಸ್ಟರ್ ಆಗಲಿ, ಎಪಾಕ್ಸಿ ಆಗಲಿ, ಬಳಿದ ಯಾವ ಪೊರೆಯೂ ನೀರಿನ ಆವಿಯನ್ನಾಗಲಿ ಆಮ್ಲಜನಕವನ್ನಾಗಲಿ ಪೂರ್ತಿ ತಡೆಯುವುದಿಲ್ಲ. ಅವೆರಡೂ ನಿಧಾನವಾಗಿ ಒಳಗೆ ಇಳಿಯುತ್ತಲೇ ಇರುತ್ತವೆ. ಪೊರೆಯ ಮೂಲಕ ದಾಟುವ ನೀರು, ಆಮ್ಲಜನಕಗಳ ಪ್ರಮಾಣವೇ ತುಕ್ಕಿಗೆ ಸಾಕಷ್ಟಾಯಿತೆಂದು ಬ್ರಿಟನ್ನಿನ ವಿಜ್ಞಾನಿ ಜೆ.ಇ.ಓ. ಮೇನ್ ಕಳೆದ ಶತಮಾನದ ನಡುವಿನಲ್ಲೇ ತೋರಿಸಿದ್ದರು. ಪೊರೆಯನ್ನು ಎರಡು ಪಟ್ಟು ಮಾಡಿದರೆ ನೀರು ಇಳಿಯುವುದು ತಡವಾಗುತ್ತದೆ, ಅಷ್ಟೇ. ನಿಮ್ಮೂರಿನಲ್ಲಿ ಮಳೆ ಸುರಿಯುವುದು ತಿಂಗಳುಗಟ್ಟಲೆ.

ಹಾಗಾದರೆ ಕಬ್ಬಿಣವನ್ನು ಕಾಯುವುದು ಯಾವುದು? ಹಿಡಿತ. ತುಕ್ಕು ಹಿಡಿಯಬೇಕಾದರೆ ಕಬ್ಬಿಣದ ಮೈಮೇಲೆ ನೀರು ತೆಳುವಾಗಿಯಾದರೂ ನಿಲ್ಲಬೇಕು. ಒಂದು ಕಡೆ ಕಬ್ಬಿಣ ಕರಗಬೇಕು, ಪಕ್ಕದಲ್ಲಿ ಆಮ್ಲಜನಕ ಎಲೆಕ್ಟ್ರಾನುಗಳನ್ನು ಪಡೆಯಬೇಕು, ಎರಡರ ನಡುವೆ ಆ ನೀರಿನಲ್ಲಿ ಅಯಾನುಗಳು, ಎಂದರೆ ವಿದ್ಯುದಾವೇಶ ಹೊತ್ತ ಕಣಗಳು, ಓಡಾಡಬೇಕು. ಪೊರೆ ಲೋಹವನ್ನು ಬಿಗಿಯಾಗಿ ಕಚ್ಚಿಕೊಂಡಿದ್ದರೆ ನೀರು ನಿಲ್ಲಲು ಜಾಗವೇ ಇರುವುದಿಲ್ಲ, ಅಯಾನುಗಳಿಗೆ ದಾರಿಯೂ ಇರುವುದಿಲ್ಲ. ಹಿಡಿತ ಒಂದು ಕಡೆ ಬಿಟ್ಟಿತೋ, ಅಲ್ಲಿಂದಲೇ ಕೆಲಸ ಕೆಡುತ್ತದೆ.

ಪೊರೆಯ ಅಡಿಯಲ್ಲಿ ಉಪ್ಪಿನ ಕಣ ಉಳಿದಿದ್ದರಂತೂ ಹೇಳುವುದೇ ಬೇಡ. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮಿಡಿ ಚಿರುಟಿ ನೀರು ಹೊರಗೆ ಬರುತ್ತದೆ. ಸಿಪ್ಪೆಯ ಆಚೆಯಿಂದ ಉಪ್ಪು ನೀರನ್ನು ಎಳೆದದ್ದು ಹೇಗೋ, ಪೊರೆಯ ಅಡಿಯ ಉಪ್ಪು ಹೊರಗಿನ ಮಳೆನೀರನ್ನು ಒಳಕ್ಕೆ ಎಳೆಯುವುದೂ ಹಾಗೆಯೇ. ನಿಮ್ಮ ಗೇಟಿನ ಗುಳ್ಳೆಗಳ ಹಿಂದೆ ಬಹುಮಟ್ಟಿಗೆ ಇದೇ ಇದೆ.

ದಪ್ಪದ ನಂಬಿಕೆಯನ್ನು ಲೋಕದ ಕಣ್ಣೆದುರಿಗೇ ಪರೀಕ್ಷಿಸಿದಂತಾದ ಪ್ರಕರಣ ಅಮೆರಿಕದ ಫ್ಲಾರಿಡಾದ್ದು. ಕಾದ ಕಬ್ಬಿಣದ ಸರಳಿನ ಮೇಲೆ ಎಪಾಕ್ಸಿ ಪುಡಿಯನ್ನು ಕರಗಿಸಿ ಹೊದಿಸುವ ಪದ್ಧತಿ ಸೇತುವೆಗಳಿಗೆ ಬಂದದ್ದು 1973ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಅದೂ ಪೌಡರ್ ಕೋಟಿಂಗೇ, ನಿಮ್ಮ ಗೇಟಿನದಕ್ಕಿಂತ ದಪ್ಪದ್ದು, ಸಾಲದೆಂದು ಮೇಲೆ ಕಾಂಕ್ರೀಟ್ ಬೇರೆ. 1980ರ ಸುಮಾರಿಗೆ ಫ್ಲಾರಿಡಾ ಕೀಸ್ ದ್ವೀಪಗಳ ನಡುವೆ ಕಟ್ಟಿದ ಲಾಂಗ್ ಕೀ, ಸೆವೆನ್ ಮೈಲ್ ಸೇತುವೆಗಳಲ್ಲಿ ಇಂಥ ಸರಳುಗಳನ್ನೇ ಹಾಕಿದರು. 1986ರ ಹೊತ್ತಿಗಾಗಲೇ ಸಮುದ್ರದ ನೀರು ಸಿಡಿಯುವ ಎತ್ತರದಲ್ಲಿ ಕಾಂಕ್ರೀಟ್ ಬಿರಿದು, ಒಳಗೆ ತುಕ್ಕು ಕಾಣಿಸಿತು. ಲೇಪ ಕೆಲವೆಡೆ ಗೀಚಿಹೋಗಿತ್ತು, ಹಲವೆಡೆ ಸರಳಿನ ಹಿಡಿತವನ್ನೇ ಬಿಟ್ಟಿತ್ತು.

ಕಳೆದ ಮಳೆಗಾಲದ ನಂತರ ನಿಮ್ಮದರಂಥದೇ ಒಂದು ಗೇಟಿನ ತುಂಡು ನನ್ನ ಮೇಜಿಗೆ ಬಂದಿತ್ತು. ಚಪ್ಪಟೆ ಮುಖದಲ್ಲಿ ಅಳೆದರೆ 140 ಮೈಕ್ರಾನ್, ಮಾಡಿಸಿದವರು ಹೆಮ್ಮೆಯಿಂದ ಹೇಳಿದಷ್ಟೇ. ಚಾಕುವಿನ ತುದಿಯನ್ನು ಗುಳ್ಳೆಯ ಪಕ್ಕಕ್ಕೆ ತೂರಿಸಿ ಮೇಲೆತ್ತಿದೆ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಪೊರೆ ಅಂಗೈಯಗಲ ಎದ್ದು ಬಂತು. ಅದರ ಬೆನ್ನಿಗೆ ಕಪ್ಪು ಚಕ್ಕೆಗಳು ಅಂಟಿದ್ದವು. ಕಾರ್ಖಾನೆಯಲ್ಲಿ ಕಬ್ಬಿಣವನ್ನು ಕೆಂಪಗೆ ಕಾಯಿಸಿ ಎಳೆಯುವಾಗ ಮೈಮೇಲೆ ಕೂರುವ ಪದರ ಅದು, ಯಾರೂ ಅದನ್ನು ತೆಗೆದಿರಲಿಲ್ಲ. ಕಬ್ಬಿಣದ ಮೇಲೆ ಒಂದು ಹೆಬ್ಬೆರಳಿನ ಗುರುತು ತುಕ್ಕಿನಲ್ಲಿ ಗೆರೆಗೆರೆಯಾಗಿ ಮೂಡಿತ್ತು. ಬೆವರಿದ ಕೈಯಿಂದ ಹಿಡಿದು ಕೊಕ್ಕೆಗೆ ತೂಗುಹಾಕಿದವರ ಬೆರಳಿನ ಉಪ್ಪು! ಇನ್ನು ಕೋನದ ಅಂಚಿನಲ್ಲಿ ಅಳೆದರೆ 20 ಮೈಕ್ರಾನ್ ಕೂಡ ಇರಲಿಲ್ಲ. ಕರಗಿದ ಪುಡಿ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ, ಅದರ ಸ್ವಭಾವವೇ ಅದು. ಮತ್ತೆ ಮತ್ತೆ ಗನ್ ಹಿಡಿದರೆ ಚಪ್ಪಟೆ ಜಾಗ ದಪ್ಪವಾಗುತ್ತದೆ, ಅಂಚು ಬಡವಾಗಿಯೇ ಉಳಿಯುತ್ತದೆ. ಮಿತಿಮೀರಿ ಕೂತ ಪುಡಿ ತನ್ನ ಆವೇಶದಿಂದಲೇ ಹೊಸ ಪುಡಿಯನ್ನು ತಳ್ಳಿ, ಮೈ ಕಿತ್ತಳೆ ಸಿಪ್ಪೆಯಂತಾಗಿ ಸೂಜಿರಂಧ್ರಗಳೂ ಉಳಿಯುತ್ತವೆ.

ಆದ್ದರಿಂದ ಅಂಗಡಿಯವರನ್ನು ‘ಎಷ್ಟು ಮೈಕ್ರಾನ್’ ಎಂದು ಕೇಳುವ ಮೊದಲು ‘ನಿಮ್ಮಲ್ಲಿ ಎಷ್ಟು ಟ್ಯಾಂಕ್ ಇದೆ’ ಎಂದು ಕೇಳಿ. ಪೀಣ್ಯದಲ್ಲಾಗಲಿ ಬೈಕಂಪಾಡಿಯಲ್ಲಾಗಲಿ, ಈ ಕೆಲಸ ಬಲ್ಲವರಿಗೆ ‘ಸೆವೆನ್ ಟ್ಯಾಂಕ್’ ಎಂದರೆ ಸಾಕು, ಅರ್ಥವಾಗುತ್ತದೆ. ಪುಡಿ ಹಾಕುವ ಮೊದಲು ಕಬ್ಬಿಣವನ್ನು ಒಂದಾದ ಮೇಲೊಂದು ತೊಟ್ಟಿಯಲ್ಲಿ ಅದ್ದಿ ಸಿದ್ಧಮಾಡುವ ಕ್ರಮ ಅದು: ಎಣ್ಣೆ ಜಿಡ್ಡು ಬಿಡಿಸುವುದು, ಆಮ್ಲದಲ್ಲಿ ತುಕ್ಕು ತೆಗೆಯುವುದು, ಫಾಸ್ಫೇಟ್ ಕೂರಿಸುವುದು, ನಡುನಡುವೆ ತೊಳೆಯುವುದು. ಫಾಸ್ಫೇಟ್ ಕೂತ ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿ ಮೈಯೆಲ್ಲ ಸಣ್ಣ ಹರಳುಗಳಾಗುತ್ತದೆ, ಪೊರೆ ಕಚ್ಚಿಕೊಳ್ಳುವುದು ಆ ಹರಳುಗಳನ್ನೇ. ಕೊನೆಯ ತೊಳೆತಕ್ಕೆ ಉಪ್ಪಿನಂಶದ ಬೋರ್‌ವೆಲ್ ನೀರು ಬಳಸಿದರೆ ಅಷ್ಟೂ ಶ್ರಮ ನೀರಿನಲ್ಲಿ ಹೋಮ. ಜಿಡ್ಡು ಹೋಗಿದೆಯೇ ಎಂದು ನೀವೇ ನೋಡಬಹುದು: ತೊಳೆದ ಲೋಹದ ಮೇಲೆ ನೀರು ಒಂದೇ ಹಾಳೆಯಾಗಿ ಹರಡಬೇಕು. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾದರೆ ಇನ್ನೂ ಜಿಡ್ಡಿದೆ.

ಸಮುದ್ರದ ಪಕ್ಕದ ಗೇಟಿಗೆ ಇಷ್ಟೂ ಸಾಲದು. ಹಳೆಯ ತುಕ್ಕನ್ನು ಬ್ಲಾಸ್ಟಿಂಗ್ ಮಾಡಿ (ಮರಳಿನಂಥ ಗಡಸು ಕಣಗಳನ್ನು ರಭಸದಿಂದ ಬಡಿಸಿ) ತೆಗೆಸಿ, ಅಂಚುಗಳನ್ನು ಉಜ್ಜಿ ಉರುಟಾಗಿಸಿ, ಮೊದಲು ಸತು ತುಂಬಿದ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಾಲಿಯೆಸ್ಟರ್ ಹಾಕಿಸಿ. ಎಪಾಕ್ಸಿ ಒಂದನ್ನೇ ಹಾಕಿದರೆ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ. ಎಲ್ಲಾದರೂ ಗೀರು ಬಿದ್ದರೆ ಕಬ್ಬಿಣಕ್ಕಿಂತ ಮೊದಲು ಸತು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಕೋಟಿಂಗ್ ಆದ ಮೇಲೆ ಗೇಟನ್ನು ತಂದು ಕಂಬಕ್ಕೆ ವೆಲ್ಡಿಂಗ್ ಮಾಡಲು ಬಿಡಬೇಡಿ, ಬೋಲ್ಟ್ ಹಾಕಿಸಿ. ಚೌಕ ಪೈಪಿನ ಒಳಮೈಗೆ ಪುಡಿ ಹೋಗುವುದೇ ಇಲ್ಲ. ಮೇಲಿನ ಬಾಯಿ ಮುಚ್ಚಿಸಿ, ಕೆಳಗೆ ನೀರು ಇಳಿಯಲು ತೂತು ಬಿಡಿಸಿ. ಇವನ್ನೆಲ್ಲ ಕೋಟಿಂಗಿಗೆ ಕಳಿಸುವ ಮೊದಲೇ ಮಾಡಿಸಬೇಕು.

ನೀವು ಕೇಳಿಲ್ಲ, ಆದರೂ ಹೇಳಬೇಕು: ನಿಮ್ಮ ಕಿಟಕಿಗಳು ಅಲ್ಯೂಮಿನಿಯಂನವಾಗಿದ್ದರೆ ‘ಅದಕ್ಕೆ ತುಕ್ಕಿಲ್ಲವಲ್ಲ’ ಎಂದು ಸುಮ್ಮನಿರಬೇಡಿ. ಕೆಂಪು ತುಕ್ಕು ಇಲ್ಲ, ನಿಜ. ಆದರೆ ಉಪ್ಪುಗಾಳಿಯಲ್ಲಿ ಪೊರೆಯ ಅಡಿಯಲ್ಲಿ ದಾರದಂಥ ಗೆರೆಗಳು ಹುಳು ಹರಿದಂತೆ ಮುಂದುವರಿಯುತ್ತವೆ. ಅವು ಹೆಚ್ಚಾಗಿ ಹೊರಡುವುದು ಕತ್ತರಿಸಿದ ತುದಿಯಿಂದ. ಉದ್ದನೆಯ ಪಟ್ಟಿಗೆ ಮೊದಲು ಕೋಟಿಂಗ್ ಮಾಡಿ ಆಮೇಲೆ ಕಿಟಕಿಯ ಅಳತೆಗೆ ಕುಯ್ಯುವುದರಿಂದ ಆ ತುದಿ ಬೆತ್ತಲೆ. ಅಲ್ಲಿಗೆ ಸೀಲೆಂಟ್ ಹಚ್ಚಿಸಿ. ಮತ್ತೆ, ಮಳೆಗೆ ಮೈಯೊಡ್ಡುವ ಕಿಟಕಿಯ ಉಪ್ಪನ್ನು ಮಳೆಯೇ ತೊಳೆಯುತ್ತದೆ. ಜಗಲಿಯ ಮಾಡಿನ ಅಡಿಯಲ್ಲಿ, ಹನಿ ತಾಗದ ಜಾಗದಲ್ಲಿ ಇರುವ ಕಿಟಕಿಯನ್ನು ಆಗಾಗ ಬಾವಿಯ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಬೇಕಾದವರು ನೀವೇ.